ಕಾರವಾರ ಮುಂಬೈ ಆಗುತ್ತಿತ್ತೆ?

ಕಾರವಾರದ ಕಡಲ ದಂಡೆಯಲ್ಲಿ ಸಂಜೆ ಹೊತ್ತು ಯಾರ ಜೊತೆ ನಿಂತರೂ ಒಂದು ಮಾತು ಬಂದೇ ಬರುತ್ತದೆ. ಎದುರಿಗೆ ಕೂರ್ಮಗಡ, ಅದರಾಚೆ ದೇವಗಡ, ಬಲಗಡೆ ಕಾಳಿ ನದಿಯ ಅಳಿವೆ, ಅದರ ಮೇಲೆ ಸದಾಶಿವಗಡದ ಗುಡ್ಡ. ಗಾಳಿಗೂ ತೆರೆಗೂ ಬೆನ್ನು ಕೊಟ್ಟು ನಿಂತ ಕೊಲ್ಲಿ. ಜೊತೆಗಿದ್ದವರು ನಿಟ್ಟುಸಿರು ಬಿಟ್ಟು ಹೇಳುತ್ತಾರೆ: "ಇಂಥ ಬಂದರು ಎಲ್ಲಿದೆ ಹೇಳಿ? ಹುಬ್ಬಳ್ಳಿಯಿಂದ ಆಗಲೇ ರೈಲು ಬಂದಿದ್ದರೆ ಇವತ್ತು ಇದೇ ಮುಂಬೈ."

ಈ ಮಾತನ್ನು ನಾನು ಅಧ್ಯಾಪಕರಿಂದ, ಮೀನುಗಾರ ಮುಖಂಡರಿಂದ, ಬಸ್ಸಿನಲ್ಲಿ ಪಕ್ಕ ಕೂತವರಿಂದ ಕೇಳಿದ್ದೇನೆ. ಹೇಳುವವರ ನೋವು ನಿಜವಾದದ್ದು. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಕಡತ ದಶಕಗಳಿಂದ ಮೇಜಿನಿಂದ ಮೇಜಿಗೆ ಓಡಾಡುವುದನ್ನು ಕಂಡವರು ಅವರು. ಅವರನ್ನು ನೋಯಿಸುವ ಉದ್ದೇಶ ನನಗಿಲ್ಲ. ಆದರೂ ಒಪ್ಪಲಾರೆ. ರೈಲು ಬಂದಿದ್ದರೂ ಕಾರವಾರ ಮುಂಬೈ ಆಗುತ್ತಿರಲಿಲ್ಲ ಎಂಬುದು ನನ್ನ ತಿಳಿವಳಿಕೆ. ದೊಡ್ಡ ಬಂದರಾಗುತ್ತಿತ್ತು, ಹೌದು. ಮುಂಬೈ ಎಂದಾಗ ನಾವು ಮನಸ್ಸಿನಲ್ಲಿಟ್ಟುಕೊಳ್ಳುವುದು ಬರೀ ಬಂದರನ್ನಲ್ಲವಲ್ಲ. ಕೋಟೆ ಪ್ರದೇಶದ ಆ ಕಲ್ಲಿನ ಕಟ್ಟಡಗಳು, ದಲಾಲ್ ಸ್ಟ್ರೀಟ್, ರಿಸರ್ವ್ ಬ್ಯಾಂಕು, ದೇಶದ ದುಡ್ಡೆಲ್ಲ ಒಮ್ಮೆ ಹಾದು ಹೋಗುವ ಆ ಒಂದೆರಡು ಚದರ ಮೈಲಿ. ಅದು ಹಡಗಿನಿಂದ ಹುಟ್ಟಿದ್ದು ಎಂಬ ನಂಬಿಕೆಯ ಬಗ್ಗೆಯೇ ನನ್ನ ತಕರಾರು.

ಮೊದಲು ಇಸವಿಗಳನ್ನೇ ನೋಡೋಣ. ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದದ್ದು 1638ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಎದುರಾಗಿ ಹುಟ್ಟಿದ್ದ ಕೋರ್ಟೀನ್ ಸಂಘದವರು ಇಲ್ಲಿಂದ ಕಾಳುಮೆಣಸು, ನಯವಾದ ಹತ್ತಿ ಬಟ್ಟೆ ಒಯ್ಯುತ್ತಿದ್ದರು. ಆಗ ಮುಂಬೈ ಪೋರ್ಚುಗೀಸರ ಕೈಯಲ್ಲಿದ್ದ ಏಳು ಜೌಗು ದ್ವೀಪ. 1661ರ ಮದುವೆ ಒಪ್ಪಂದದಲ್ಲಿ ಅದು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಬಂತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಕಂಪನಿಗೆ ಒಪ್ಪಿಸಿದ. ಅಂದರೆ ಕಡಲ ವ್ಯಾಪಾರದಲ್ಲಿ ಕಾರವಾರ ಮೂವತ್ತು ವರ್ಷ ಮುಂದಿತ್ತು. ಕೊಲ್ಲಿ ಇತ್ತು, ಸರಕು ಇತ್ತು, ಘಟ್ಟದ ಮೇಲಿನ ಪೇಟೆಗಳ ಸಂಪರ್ಕ ಇತ್ತು, ಕೊಳ್ಳುವವರು ಬಾಗಿಲಿಗೇ ಬಂದಿದ್ದರು.

ಇಲ್ಲದ್ದು ಯಾವುದು? ಬಿಜಾಪುರದ ಅಧಿಕಾರಿಗಳು, ಮರಾಠರು, ಸೋಂದೆಯ ಅರಸರು, ಸದಾಶಿವಗಡಕ್ಕೆ ಕಣ್ಣಿಟ್ಟ ಪೋರ್ಚುಗೀಸರು ಎಂದು ಊರು ಕೈ ಬದಲಾಗುತ್ತಲೇ ಇತ್ತು. ಇಂದು ಮಾಡಿದ ಕರಾರನ್ನು ನಾಳೆ ಯಾರ ಮುಂದೆ ಹಿಡಿಯಬೇಕೆಂಬುದೇ ವ್ಯಾಪಾರಿಗೆ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಮುಂಬೈಯಲ್ಲಿ ನಡೆದದ್ದನ್ನು ಗಮನಿಸಿ. ಗವರ್ನರ್ ಜೆರಾಲ್ಡ್ ಆಂಜಿಯರ್ ಹೊಸ ಧಕ್ಕೆಗಿಂತ ಮುಂಚೆ ನ್ಯಾಯಾಲಯದ ಚಿಂತೆ ಮಾಡಿದ. 1672ರಲ್ಲಿ ಅದು ತೆರೆಯಿತು. 1677ರಲ್ಲಿ ದೀವ್‌ನ ಬನಿಯಾ ವ್ಯಾಪಾರಿಯೊಬ್ಬ ಅಲ್ಲಿಗೆ ಬಂದು ನೆಲೆಸುವ ಮುನ್ನ ಲಿಖಿತ ಕರಾರು ಕೇಳಿದ. ತನ್ನ ಧರ್ಮಾಚರಣೆಗೆ ಅಡ್ಡಿ ಬರಬಾರದು, ಮನೆ ಕಟ್ಟಲು ಜಾಗ ಬೇಕು, ಮುನ್ಸೂಚನೆ ಇಲ್ಲದೆ ತನ್ನನ್ನು ಹಿಡಿದು ಒಳಗೆ ಹಾಕಬಾರದು. ಸಮುದ್ರದ ಆಳ ಎಷ್ಟು ಎಂದು ಆತ ಕೇಳಿದಂತೆ ಕಾಣುವುದಿಲ್ಲ. ಈ ಊರಿನಲ್ಲಿ ಮಾತಿಗೆ ಬೆಲೆ ಇದೆಯೆ ಎಂಬುದಷ್ಟೇ ಅವನಿಗೆ ಬೇಕಿತ್ತು.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಹಳೆಯ ಮಾತಿದೆ: ಪತ್ತು. ಊರೂರಿನ ಪತ್ತಿನ ಸಂಘಗಳ ಬೋರ್ಡಿನಲ್ಲಿ ಇಂದಿಗೂ ಅದು ಉಳಿದಿದೆ. ಸಾಲ ಎಂಬುದಕ್ಕಿಂತ ಅದರ ಅರ್ಥ ದೊಡ್ಡದು. ಒಬ್ಬನ ಹೆಸರಿನ ಮೇಲೆ ಇನ್ನೊಬ್ಬ ಎಷ್ಟು ದುಡ್ಡು ಬಿಡಬಲ್ಲ ಎಂಬುದು ಪತ್ತು. ಬಂದರಿನಲ್ಲಿ ಸರಕು ಬಂದು ಬೀಳುತ್ತದೆ. ಪತ್ತು ಬೇರೆ ಕಡೆಯಿಂದ ಬರಬೇಕು.

ಮುಂಬೈಗೆ ಅದು ಬಂದದ್ದು ಬಹುಪಾಲು ನೆಲದ ಕಡೆಯಿಂದ, ಸೂರತ್ತಿನ ಶರಾಫರ, ಅಂದರೆ ಲೇವಾದೇವಿಗಾರರ, ಮೂಲಕ. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಮುಂಬೈ ಸರಕಾರದ ಖರ್ಚು ಅದರ ಆದಾಯದಿಂದ ತೂಗುತ್ತಿರಲಿಲ್ಲ. ಮರಾಠರ ಜೊತೆ ಯುದ್ಧಕ್ಕೆ ಸೈನ್ಯಕ್ಕೆ ಸಂಬಳ ಕೊಡಬೇಕಾದಾಗ ಬಂಗಾಳದ ಹಣವನ್ನು ನೆಚ್ಚಬೇಕಾಗಿತ್ತು. ಆ ಹಣವನ್ನು ಪಶ್ಚಿಮಕ್ಕೆ ಮುಟ್ಟಿಸಿದ್ದು ಬನಾರಸ್–ಸೂರತ್ ದಾರಿಯ ಹುಂಡಿಗಳು, ಅಂದರೆ ಒಂದು ಊರಿನಲ್ಲಿ ಬರೆದು ಇನ್ನೊಂದು ಊರಿನಲ್ಲಿ ಹಣ ಪಡೆಯುವ ಚೀಟಿಗಳು. ಅರ್ಜುನ್‌ಜಿ ನಾಥ್‌ಜಿ ತ್ರವಾಡಿಯಂಥ ಸೂರತ್ತಿನ ಸಾಹುಕಾರರು ಸಹಿ ಹಾಕಿದರೆ ಮುಂಬೈ ಖಜಾನೆ ಉಸಿರಾಡುತ್ತಿತ್ತು. ಪ್ರೆಸಿಡೆನ್ಸಿಯ ತೋಪು, ಹಡಗು, ಕೋಟೆ ಎಲ್ಲವೂ ಮಡಚಿಟ್ಟ ಒಂದು ಕಾಗದವನ್ನು ಆತುಕೊಂಡಿದ್ದವು. ಸಮುದ್ರವನ್ನು ಕಣ್ಣಾರೆ ಕಾಣದ ಬನಾರಸಿನ ಗುಮಾಸ್ತನೊಬ್ಬ ಆ ಕಾಗದದ ಇನ್ನೊಂದು ತುದಿ ಹಿಡಿದಿದ್ದ.

ಹುಂಡಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ವಾದವೆಲ್ಲ ಅದರೊಳಗೇ ಇದೆ. ತೋರಿಸಿದ ಕೂಡಲೇ ದುಡ್ಡು ಕೊಡಬೇಕಾದದ್ದು ದರ್ಶನಿ ಹುಂಡಿ. ಇಷ್ಟು ದಿನಕ್ಕೆ ಎಂದು ಗಡುವು ಹಾಕಿದ್ದು ಮುದ್ದತಿ ಹುಂಡಿ. ಇವೆರಡರ ಹೆಸರು ಹಲವರಿಗೆ ಗೊತ್ತು. ಪಶ್ಚಿಮ ಕರಾವಳಿಯ ಪೇಟೆಗಳಲ್ಲಿ ಮೂರನೆಯದೊಂದು ಓಡಾಡುತ್ತಿತ್ತು: ಜೋಖ್ಮಿ ಹುಂಡಿ. ಜೋಖಮ್ ಎಂದರೆ ಗಂಡಾಂತರ.

ಒಬ್ಬ ವ್ಯಾಪಾರಿ ದೂರದ ಬಂದರಿಗೆ ಪತ್ತೆಮಾರಿಯಲ್ಲಿ ಸರಕು ತುಂಬಿಸಿದ ಎನ್ನಿ. ಆ ಊರಿನಲ್ಲಿ ಸರಕು ಇಳಿಸಿಕೊಳ್ಳುವವನ ಹೆಸರಿಗೆ ಒಂದು ಹುಂಡಿ ಬರೆಯುತ್ತಾನೆ. ಅದರಲ್ಲಿ ಒಂದು ಷರತ್ತು: ಹಡಗು ಸುರಕ್ಷಿತವಾಗಿ ದಡ ಸೇರಿದರೆ ಮಾತ್ರ ಹಣ. ಬರೆದ ಹುಂಡಿಯನ್ನು ತನ್ನ ಊರಿನ ಶರಾಫನಿಗೆ ಮಾರುತ್ತಾನೆ. ಶರಾಫ ಪೂರ್ತಿ ಬೆಲೆ ಕೊಡುವುದಿಲ್ಲ. ಹಣ ಕೈಗೆ ಬರಲು ಹಿಡಿಯುವ ದಿನಗಳ ಬಡ್ಡಿ ಕಳೆಯುತ್ತಾನೆ. ಅದರ ಮೇಲೆ ತಿಂಗಳು ಯಾವುದು, ಗಾಳಿ ಎತ್ತಣದು, ಹಡಗು ನಡೆಸುವ ತಾಂಡೇಲ ಎಷ್ಟು ಪಳಗಿದವನು, ದಾರಿಯಲ್ಲಿ ಕಡಲ್ಗಳ್ಳರ ಕಾಟ ಎಷ್ಟು ಎಂದು ಲೆಕ್ಕ ಹಾಕಿ ಇನ್ನಷ್ಟು ಕಳೆಯುತ್ತಾನೆ. ಹಡಗು ಮುಳುಗಿದರೆ ನಷ್ಟ ಶರಾಫನದು. ಸರಕು ಕಾಯುತ್ತಿದ್ದವನು ಬಿಡಿಗಾಸು ಕೊಡಬೇಕಿಲ್ಲ. ಮುಟ್ಟಿದರೆ ಲಾಭವೂ ಶರಾಫನದೇ. ಒಂದೇ ಚೀಟಿಯಲ್ಲಿ ಸಾಲ, ಹಣ ರವಾನೆ, ವಿಮೆ ಮೂರೂ ಸೇರಿಕೊಂಡಿವೆ. ಅಂಥ ಹತ್ತು ಚೀಟಿ ಕೊಂಡ ಶರಾಫನಿಗೆ ಹತ್ತರಲ್ಲಿ ಒಂದು ಹಡಗು ಮುಳುಗಿದರೂ ಊಟಕ್ಕೆ ತೊಂದರೆಯಿಲ್ಲ. ಒಂದೇ ಹಡಗು ನೆಚ್ಚಿದವನ ಕತೆ ಹಾಗಲ್ಲ.

ಹಣದ ಪೇಟೆ ಹುಟ್ಟುವುದು ಇಲ್ಲಿ, ಗಂಡಾಂತರವನ್ನು ಅಳೆದು ಹಂಚಿಕೊಳ್ಳುವ ಹತ್ತು ಜನ ಒಂದೇ ಬೀದಿಯಲ್ಲಿ ಕೂತಾಗ. ಆ ಬೀದಿ ಕಡಲ ಪಕ್ಕದಲ್ಲೇ ಇರಬೇಕೆಂದಿಲ್ಲ. ನಮ್ಮದೇ ನೆಲದ ಸಾಕ್ಷಿ ಬೇಕೆಂದರೆ ಅಯ್ಯಾವೊಳೆ ಐನೂರ್ವರನ್ನು ನೆನೆಯಬಹುದು. ಅವರ ಸಂಘಕ್ಕೆ ಹೆಸರು ಬಂದದ್ದು ಮಲಪ್ರಭೆಯ ಬದಿಯ ಐಹೊಳೆಯಿಂದ, ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿನ ಊರು. ಆ ಹೆಸರು ಹೊತ್ತ ವ್ಯಾಪಾರಿಗಳ ಶಾಸನ ಸುಮಾತ್ರಾ ದ್ವೀಪದ ಬರೂಸ್ ಹತ್ತಿರ ಸಿಕ್ಕಿದೆ, ಕಾಲ 1088. ಬರೆದ ಭಾಷೆ ತಮಿಳು. ಊರು ಕನ್ನಡದ್ದು, ಶಾಸನ ತಮಿಳು, ಕಲ್ಲು ನಿಂತದ್ದು ಸುಮಾತ್ರಾದಲ್ಲಿ. ಇವನ್ನೆಲ್ಲ ಕಟ್ಟಿಹಾಕಿದ್ದು ಸಂಘದ ಹೆಸರಿನ ಮೇಲಿದ್ದ ಭರವಸೆ.

ಇಷ್ಟು ಹೇಳಿದ ಮೇಲೂ ಸ್ನೇಹಿತರು ಕೇಳುತ್ತಾರೆ: ಹಾಗಾದರೆ ಕಡಲ ವ್ಯಾಪಾರಿಗಳ ಸಾಹಸಕ್ಕೆ ಬೆಲೆಯೇ ಇಲ್ಲವೆ? ವಾಡಿಯಾಗಳು ಕಟ್ಟಿದ ತೇಗದ ಹಡಗುಗಳು, ಜಮ್ಶೆಟ್‌ಜಿ ಜೀಜೀಭಾಯ್‌ಯ ಚೀನಾ ಯಾನಗಳು? ಬೆಲೆ ಇದೆ. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನಸ್ಸರ್‌ವಾನ್‌ಜಿ ವಾಡಿಯಾನ ಮನೆತನದವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನಲ್ಲಿ ಇನ್ನೂ ತೇಲುತ್ತಿದೆ. ಅಂಥ ಕೈಗಳಿಗೆ ನಮಸ್ಕಾರ. ಆದರೆ ಜೀಜೀಭಾಯ್‌ಯ ಬದುಕನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಪಾಠ ಕಾಣುತ್ತದೆ.

1805ರಲ್ಲಿ ಆತ ಚೀನಾಕ್ಕೆ ಹೊರಟಿದ್ದ ಬ್ರನ್ಸ್‌ವಿಕ್ ಹಡಗನ್ನು ಫ್ರೆಂಚರು ಹಿಡಿದರು. ಸರಕೆಲ್ಲ ಹೋಯಿತು, ಆತ ಆಫ್ರಿಕಾದ ಕೇಪ್ ಕಡೆಗೆ ಸಾಗಿಸಲ್ಪಟ್ಟು ಹೇಗೋ ಊರು ಸೇರಿದ. ಅದೇ ಹಡಗಿನಲ್ಲಿ ವೈದ್ಯನಾಗಿದ್ದವನು ವಿಲಿಯಂ ಜಾರ್ಡಿನ್, ಮುಂದೆ ಕ್ಯಾಂಟನ್ನಿನ ಅಫೀಮು ವ್ಯಾಪಾರವನ್ನು ಆಳಿದ ಕಂಪನಿಯ ಒಡೆಯ. ಸಮುದ್ರ ಜೀಜೀಭಾಯ್‌ಗೆ ಆ ಯಾನದಲ್ಲಿ ಕೊಟ್ಟದ್ದು ನಷ್ಟ ಮತ್ತು ಒಬ್ಬ ಪರಿಚಯಸ್ಥ. ಸಂಪತ್ತು ಬಂದದ್ದು ಆ ಪರಿಚಯದಿಂದ, ಅದಕ್ಕಿಂತ ಹೆಚ್ಚಾಗಿ ಮುಂಬೈಯ ಪಾಲುದಾರರಿಂದ: ಮೋತಿಚಂದ್ ಅಮೀಚಂದ್ ಎಂಬ ಜೈನ, ರೋಗೆ ಮನೆತನದ ಕೊಂಕಣಿ ಮುಸ್ಲಿಮ. ಇವರಿಗೆ ಮಾಲ್ವದ ಸಾಹುಕಾರರ ಕೊಂಡಿ ಇತ್ತು. ಅಫೀಮು ಬೆಳೆಯುತ್ತಿದ್ದುದು ಅಲ್ಲಿ, ಬೆಳೆಯುವ ಮೊದಲೇ ರೈತನಿಗೆ ಮುಂಗಡ ಕೊಟ್ಟು ಕಟ್ಟಿಹಾಕುತ್ತಿದ್ದುದು ಅಲ್ಲಿನ ಸಾಹುಕಾರರು. ಕೋಟೆಯ ಆ ಬೀದಿಗಳಿಗೆ ಹರಿದ ಮೊದಲ ದೊಡ್ಡ ಹಣ ಅಫೀಮಿನದು ಎಂಬುದನ್ನು ಮರೆಮಾಚದೆ ಹೇಳಬೇಕು. ಮಾಲ್ವದ ರೈತನೂ ಕ್ಯಾಂಟನ್ನಿನ ಚಟಗ್ರಸ್ತನೂ ಆ ಕಟ್ಟಡಗಳ ಅಡಿಪಾಯದಲ್ಲಿದ್ದಾರೆ.

1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದ. ಅದರಲ್ಲಿ ಮುಂಬೈ ವ್ಯಾಪಾರಿಗಳ ಪಾಲೂ ದೊಡ್ಡದಿತ್ತು. ಒಪ್ಪಿಸಿದ ಸರಕಿಗೆ ಬ್ರಿಟಿಷ್ ಅಧಿಕಾರಿ ಎಲಿಯಟ್ ರಸೀದಿ ಬರೆದುಕೊಟ್ಟ. ಸರಕು ಸುಣ್ಣ ಬೆರೆತು ಸಮುದ್ರಕ್ಕೆ ಹರಿದುಹೋಯಿತು, ರಸೀದಿ ಉಳಿಯಿತು. ಮೂರು ವರ್ಷ ಯುದ್ಧವಾಗಿ 1842ರ ನಾನ್‌ಜಿಂಗ್ ಒಪ್ಪಂದದಲ್ಲಿ 60 ಲಕ್ಷ ಡಾಲರ್ ಪರಿಹಾರ ಬಂತು. ಹಡಗಿನಲ್ಲಿದ್ದ ಸರಕಿಗಿಂತ ಪೆಟ್ಟಿಗೆಯಲ್ಲಿಟ್ಟ ಚೀಟಿಗೆ ಆಯುಸ್ಸು ಹೆಚ್ಚು ಎಂಬುದನ್ನು ಆ ತಲೆಮಾರಿನ ವ್ಯಾಪಾರಿಗಳು ಕಣ್ಣೆದುರು ಕಂಡರು.

ಅಷ್ಟರಲ್ಲಿ ಉಗಿಹಡಗು ಬಂತು. ಚೀನಾದ ದಾರಿಯಲ್ಲಿ ಪಿ ಅಂಡ್ ಒ ದಂಥ ಬ್ರಿಟಿಷ್ ಕಂಪನಿಗಳು ಸಾಗಾಣಿಕೆಯನ್ನು ಕೈಗೆ ತೆಗೆದುಕೊಂಡವು. ಹಾಯಿಹಡಗು ಇಟ್ಟುಕೊಂಡಿದ್ದ ಭಾರತೀಯ ವ್ಯಾಪಾರಿಗಳು ಒಬ್ಬೊಬ್ಬರಾಗಿ ಕಡಲಿನಿಂದ ಹಿಂದೆ ಸರಿದರು. ಅವರ ದುಡ್ಡಿಗೆ ಹೊಸ ಜಾಗ ಬೇಕಾಯಿತು. ಕವಾಸ್‌ಜಿ ನಾನಾಭಾಯ್ ದಾವರ್‌ನ ನೂಲಿನ ಗಿರಣಿ 1854ರಲ್ಲಿ ಸ್ಥಾಪನೆಯಾಯಿತು. 1840ರಲ್ಲೇ ಬ್ಯಾಂಕ್ ಆಫ್ ಬಾಂಬೆ ಬಂದಿತ್ತು. 1857ರ ಕಾಯಿದೆ ಕಂಪನಿಗಳಿಗೆ ಸೀಮಿತ ಹೊಣೆ ತಂದಿತು. ಟೌನ್ ಹಾಲ್ ಎದುರಿನ ಮರಗಳ ಕೆಳಗೆ ಷೇರು ದಲಾಲರು ಗುಂಪುಗೂಡಲು ಶುರುಮಾಡಿದ್ದೂ 1850ರ ದಶಕದಲ್ಲೇ. ನಮ್ಮ ಕತೆಗಳು ಕಡಲ ವ್ಯಾಪಾರಿಗಳು ಉಚ್ಛ್ರಾಯದಲ್ಲಿದ್ದಾಗ ಹಣದ ಪೇಟೆ ಬೆಳೆಯಿತು ಎನ್ನುತ್ತವೆ. ದಿನಾಂಕಗಳನ್ನು ಸಾಲಾಗಿಟ್ಟರೆ ಅವರು ಕಡಲಿನಿಂದ ಹೊರದೂಡಲ್ಪಟ್ಟ ಹೊತ್ತಿಗೇ ಪೇಟೆ ಬೆಳೆದಂತೆ ನನಗೆ ಕಾಣುತ್ತದೆ.

ಇನ್ನು ನಮ್ಮ ಹತ್ತಿಗೆ ಬರುತ್ತೇನೆ. ಕಾರವಾರದವರ ಅಳಲಿನ ಬೇರು ಇರುವುದು ಇಲ್ಲಿ.

1840ರ ದಶಕದಿಂದಲೇ ಧಾರವಾಡ ಸೀಮೆಯ ಎರೆ ನೆಲದಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಚೆನ್ನಾಗಿ ಒಗ್ಗಿತ್ತು. ಜೊತೆಗೆ ನಮ್ಮ ಹಳೆಯ ದೇಸಿ ಹತ್ತಿ ಇತ್ತು. ಅದು ಲಂಬಾಣಿಗರ ಎತ್ತುಗಳ ಮೇಲೆ, ಬಂಡಿಗಳಲ್ಲಿ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಆದ್ದರಿಂದಲೇ ವ್ಯಾಪಾರದ ಲೋಕದಲ್ಲಿ ಅದಕ್ಕೆ 'ಕುಮ್ಟಾ' ಎಂಬ ಹೆಸರು. ಹೊಲ ಇದ್ದದ್ದು ಹುಬ್ಬಳ್ಳಿ, ನವಲಗುಂದ, ಗದಗಿನಲ್ಲಿ. ಹೆಸರು ಸಿಕ್ಕಿದ್ದು ಬಂದರಿಗೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಮೇಲೆ ಬಿತ್ತು. ಅವರ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಹೊನ್ನಾವರದಲ್ಲಿದ್ದ ಕಚೇರಿ ಕಾರವಾರಕ್ಕೆ ಬಂತು. ಕೈಗಾ ಮತ್ತು ಅರಬೈಲು ಘಟ್ಟಗಳಲ್ಲಿ ರಸ್ತೆ ಕೆಲಸ ಹಿಡಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡದ ಬಳಿ ತಂದಿಳಿಸಿತು. ರಸ್ತೆ ಸಿದ್ಧವಿರಲಿಲ್ಲ, ಧಕ್ಕೆಯೂ ಇರಲಿಲ್ಲ. ಕಂಪನಿ ಕೆಲವೇ ವರ್ಷದಲ್ಲಿ ಮುಚ್ಚಿತು. ಇಲ್ಲಿಂದಲೇ "ರಸ್ತೆ ಇದ್ದಿದ್ದರೆ, ರೈಲು ಇದ್ದಿದ್ದರೆ" ಎಂಬ ಮಾತು ಹುಟ್ಟಿದ್ದು.

ಆದರೆ ಕುಮಟೆಯ ಹತ್ತಿಗೆ ಆಗಲೂ ದಾರಿಯಿತ್ತು, ಭರಾಟೆಯ ವ್ಯಾಪಾರವೂ ಇತ್ತು. ಆ ಹತ್ತಿ ಎಲ್ಲಿಗೆ ಹೋಗುತ್ತಿತ್ತು? ನೇರ ಲಿವರ್‌ಪೂಲಿಗಲ್ಲ. ಸಡಿಲವಾಗಿ ಕಟ್ಟಿದ ಅಂಡಿಗೆಗಳನ್ನು ಪತ್ತೆಮಾರಿಗಳಲ್ಲಿ ಏರಿಸಿ ಮುಂಬೈಗೆ ಕಳಿಸುತ್ತಿದ್ದರು. ಅಲ್ಲಿ ಅಂಡಿಗೆ ಬಿಚ್ಚಿ ನೋಡುವವನಿದ್ದ. ಒಂದು ಹಿಡಿ ಅರಳೆ ಕಿತ್ತು, ಎರಡು ಹೆಬ್ಬೆರಳಿನ ನಡುವೆ ಎಳೆದೆಳೆದು ಎಳೆಯ ಉದ್ದ ಅಳೆದು, ಬೀಜದ ಸಿಪ್ಪೆ, ಎಲೆಯ ಪುಡಿ ಎಷ್ಟಿದೆ ಎಂದು ಕಣ್ಣಲ್ಲೇ ತೂಗಿ ದರ್ಜೆ ಹೇಳುವವನು. ದಲಾಲರು ಅಂಗವಸ್ತ್ರದ ಕೆಳಗೆ ಕೈ ಹಿಡಿದು ಬೆರಳು ಒತ್ತಿ ದರ ಕುದುರಿಸುತ್ತಿದ್ದರು. ಪಕ್ಕದಲ್ಲಿ ನಿಂತವನಿಗೂ ತಿಳಿಯುವಂತಿರಲಿಲ್ಲ. ಆಮೇಲೆ ಬಿಗಿಯಾಗಿ ಒತ್ತಿ ಮೂಟೆ ಕಟ್ಟುವ ಯಂತ್ರ. ಅದಾದ ಮೇಲೆ ವಿಮೆ. ಕೊನೆಗೆ ಲಂಡನ್ನಿನ ಮೇಲೆ ಬರೆದ ಬಿಲ್ಲು, ಅದನ್ನು ಅಂದೇ ಕೊಂಡು ರೊಕ್ಕ ಎಣಿಸಿಕೊಡುವ ಬ್ಯಾಂಕು. ಕುಮಟೆಯ ವ್ಯಾಪಾರಿ ಲಂಡನ್ನಿನ ಮೇಲೆ ಬಿಲ್ಲು ಬರೆದಿದ್ದರೆ ಅದನ್ನು ಕೊಳ್ಳುವವನು ಕುಮಟೆಯಲ್ಲಿ ಇರಲಿಲ್ಲ. ಆ ಹೆಸರು ಲಂಡನ್ನಿನಲ್ಲಿ ಯಾರಿಗೆ ಗೊತ್ತಿತ್ತು? ನಮಗೆ ಕೊರತೆ ಇದ್ದದ್ದು ಈ ಸರಪಳಿಯದು. ರೈಲು ಬಂದಿದ್ದರೆ ಹತ್ತಿ ಬೇಗ ಬರುತ್ತಿತ್ತು, ಅಷ್ಟೇ.

ಮುಂಬೈಯಲ್ಲಿ ಆಗ ಹಣದ ಮಳೆ. ಯುದ್ಧದ ನಾಲ್ಕು ವರ್ಷದಲ್ಲಿ ಮಾಮೂಲು ಬೆಲೆಗಿಂತ ಹೆಚ್ಚುವರಿಯಾಗಿ ಎಂಟು ಕೋಟಿ ಪೌಂಡಿನಷ್ಟು ಬಂತೆಂದು ಆ ಕಾಲದವರು ಲೆಕ್ಕ ಹಾಕಿದರು. ಆ ಭರಾಟೆಯ ನಾಯಕ ಪ್ರೇಮ್‌ಚಂದ್ ರಾಯ್‌ಚಂದ್ ನಾವಿಕನಲ್ಲ, ಹತ್ತಿ ಮತ್ತು ಷೇರುಗಳ ದಲಾಲ. ಬರುವ ಹಡಗಿಗೆ ಎದುರಾಗಿ ಆತ ಸಣ್ಣ ದೋಣಿಗಳನ್ನು ಕಳಿಸುತ್ತಿದ್ದನಂತೆ, ಲಿವರ್‌ಪೂಲಿನ ಹತ್ತಿ ದರ ಉಳಿದವರಿಗಿಂತ ಒಂದೆರಡು ತಾಸು ಮೊದಲು ತಿಳಿಯಲೆಂದು. ಹಡಗಿನಲ್ಲಿ ಅವನಿಗೆ ಎಲ್ಲಕ್ಕಿಂತ ಬೆಲೆಬಾಳುವ ಸರಕು ಸುದ್ದಿ. ಸಮುದ್ರವನ್ನು ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದ ಸುಮಾರಿಗೆ ಏರಿತು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧದಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ, ಹತ್ತಿಯ ಬೆಲೆ ಬಿತ್ತು. ಜುಲೈ 1, ವಾಯದೆ ತೀರಿಸಬೇಕಾದ ದಿನ, ಪೇಟೆ ಕುಸಿಯಿತು. ಪ್ರೇಮ್‌ಚಂದ್ ಮುಳುಗಿದ. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು.

ಮುಂಬೈಯನ್ನು ಮುಂಬೈ ಮಾಡಿದ್ದು ಆ ಏರಿಕೆಗಿಂತ ಈ ಕುಸಿತದ ನಂತರದ ಹತ್ತು ವರ್ಷ ಎಂದು ನಾನು ಭಾವಿಸುತ್ತೇನೆ. ಎಲ್ಲ ಮುಳುಗಿದ ಮೇಲೂ ಲೆಕ್ಕ ಬಗೆಹರಿಸಲು ಒಂದು ಜಾಗ ಇತ್ತು. 1862ರಲ್ಲಿ ಬಂದ ಹೈಕೋರ್ಟು ಇತ್ತು. ದಿವಾಳಿಗಳ ಆಸ್ತಿ ನಿರ್ವಹಣೆಗೆಂದೇ 1865ರಲ್ಲಿ ಕಾಯಿದೆ ಮಾಡಿದರು. ಹಳೆಯ ಬ್ಯಾಂಕು ಮುಚ್ಚಿದ ವರ್ಷವೇ ಹೊಸ ಬ್ಯಾಂಕು ತೆರೆಯಿತು. ಊರ ನಡುವಿನ ಬಯಲಿನ ಜಾಗದಲ್ಲಿ ಎಲ್ಫಿನ್‌ಸ್ಟನ್ ಸರ್ಕಲ್‌ನ ಕಮಾನುಸಾಲು 1870ರ ದಶಕದ ಆರಂಭಕ್ಕೆ ಎದ್ದು ನಿಂತಿತು. ಇಂದಿನ ಹಾರ್ನಿಮನ್ ಸರ್ಕಲ್ ಅದು. ಬೀದಿಯಿಂದ ಬೀದಿಗೆ ಓಡಿಸಲ್ಪಡುತ್ತಿದ್ದ ದಲಾಲರು 1874ರಲ್ಲಿ ಈಗಿನ ದಲಾಲ್ ಸ್ಟ್ರೀಟ್‌ನಲ್ಲಿ ನೆಲೆ ಕಂಡು, 1875ರಲ್ಲಿ ಸಂಘ ಕಟ್ಟಿಕೊಂಡರು. 318 ಜನ, ತಲೆಗೆ ಒಂದು ರೂಪಾಯಿ ಪ್ರವೇಶ ಶುಲ್ಕ. ಸೋತವರು ಊರು ಬಿಡದೆ, ಸೋಲಿನಿಂದ ಕಲಿತ ನಿಯಮಗಳನ್ನು ಬರೆದಿಟ್ಟುಕೊಂಡರು.

ಅದೇ 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಹತ್ತಿಯ ಬೆಲೆ ಏರಿದಾಗ ಧಾರಾಳವಾಗಿ ಕೊಟ್ಟ ಸಾಲವನ್ನು ಬೆಲೆ ಬಿದ್ದ ಮೇಲೆ ಬಿಗಿಯಾಗಿ ವಸೂಲಿ ಮಾಡಿದ್ದರ ಸಂಕಟ ಆ ಬೆಂಕಿಯಲ್ಲಿತ್ತು. ಒಂದೇ ವರ್ಷ, ಒಂದೇ ಪ್ರಾಂತ, ಎರಡೂ ಕಡೆ ಕಾಗದವೇ. ಪೇಟೆಯಲ್ಲಿದ್ದವರಿಗೆ ನಷ್ಟವನ್ನು ಹಂಚಿಕೊಳ್ಳಲು ನ್ಯಾಯಾಲಯವೂ ಸಂಘವೂ ಇದ್ದವು. ಸುಪೆಯ ರೈತನ ಮಟ್ಟಿಗೆ ಆ ನ್ಯಾಯಾಲಯ ಅವನ ಹೊಲ ಹರಾಜು ಹಾಕುವ ಜಾಗವಾಗಿತ್ತು. ಕಾರವಾರ ಮುಂಬೈ ಆಗಬೇಕಿತ್ತು ಎಂದು ಹಂಬಲಿಸುವಾಗ, ಆಗ ನಮ್ಮ ನವಲಗುಂದದ ರೈತ ಸುಪೆಯವನಾಗುತ್ತಿದ್ದನೆ ಎಂದೂ ಕೇಳಿಕೊಳ್ಳಬೇಕು.

ನನ್ನ ವಾದಕ್ಕೆ ಗಟ್ಟಿ ಆಕ್ಷೇಪ ಒಂದಿದೆ. ನ್ಯಾಯಾಲಯ, ಬ್ಯಾಂಕು, ವಿಮೆ, ದಲಾಲರು ಇವೆಲ್ಲ ಸರಕಿನ ಹಿಂದೆಯೇ ಬರುವಂಥವು. ರೈಲು ಬಂದು ಸರಕು ಹರಿದಿದ್ದರೆ ಇವರೂ ಕಾರವಾರಕ್ಕೆ ಬರುತ್ತಿದ್ದರು ಎನ್ನುತ್ತಾರೆ. ಇದನ್ನು ಊಹೆಯಿಂದ ಬಗೆಹರಿಸಬೇಕಿಲ್ಲ. ಇತಿಹಾಸವೇ ಪರೀಕ್ಷೆ ಮಾಡಿ ತೋರಿಸಿದೆ, ಕಾರವಾರದಿಂದ ಸ್ವಲ್ಪವೇ ಉತ್ತರಕ್ಕೆ. 1880ರ ದಶಕದಲ್ಲಿ ಗೋವೆಯ ಮೊರ್ಮುಗಾವಿಗೆ ರೈಲು ಬಂತು, ಘಟ್ಟ ಏರಿ ಹುಬ್ಬಳ್ಳಿಯ ಮಾರ್ಗಕ್ಕೆ ಸೇರಿತು. ಮೊರ್ಮುಗಾವು ಕಾರವಾರದಷ್ಟೇ ಒಳ್ಳೆಯ ನೈಸರ್ಗಿಕ ಬಂದರು. ಕಾರವಾರ, ಕುಮಟೆಗಳ ಹತ್ತಿ ವ್ಯಾಪಾರ ಕಮರಿದ್ದೂ ಆಗಲೇ. ಮೊರ್ಮುಗಾವಿನಲ್ಲಿ ದಲಾಲ್ ಸ್ಟ್ರೀಟ್ ಹುಟ್ಟಿತೆ? ಇಲ್ಲ. ಅಲ್ಲಿ ಪೋರ್ಚುಗೀಸ್ ಆಡಳಿತವಿತ್ತು, ಕಾನೂನು ಬೇರೆ, ಸುಂಕದ ಗಡಿ ಬೇರೆ ಎಂದು ಸಮಾಧಾನ ಹೇಳಬಹುದು. ಅದು ಸರಿಯಾದ ಸಮಾಧಾನವೇ. ಆದರೆ ಹಾಗೆ ಹೇಳಿದ ಕ್ಷಣ ನೀವು ನನ್ನ ಪಕ್ಷಕ್ಕೆ ಬಂದಿರಿ; ಕಾನೂನು, ಕರಾರು, ಹೆಸರು ಮುಖ್ಯ, ಬಂದರು ಮತ್ತು ರೈಲು ಆಮೇಲೆ ಎಂದಾಯಿತು.

ಇದಕ್ಕೆ ತಿರುಗುಮುರುಗಾದ ಉದಾಹರಣೆ ನಮ್ಮ ದಕ್ಷಿಣದ ಕರಾವಳಿಯಲ್ಲಿದೆ. ಹಳೆಯ ಮಂಗಳೂರು ಬಂದರು ಅಳಿವೆಯ ಬಂದರು. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಬೇಕು, ಮಂಜಿಗಳಲ್ಲಿ ಸರಕು ಹೊತ್ತೊಯ್ಯಬೇಕು, ಮಳೆಗಾಲದಲ್ಲಿ ಎಲ್ಲ ಬಂದ್. ಪಣಂಬೂರಿನಲ್ಲಿ ಆಳ ನೀರಿನ ಬಂದರು ಆದದ್ದು 1974ರಲ್ಲಿ. ಉಡುಪಿಯಂತೂ ಕಡಲಿಂದ ತುಸು ಒಳಗಿನ ಮಠದ ಊರು. ಇಂಥ ಎಡೆಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆಯನ್ನೂ, ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನೂ ಶುರುಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1969 ಮತ್ತು 1980ರ ರಾಷ್ಟ್ರೀಕರಣದ ಪಟ್ಟಿಗಳಲ್ಲಿ ಈ ಒಂದೇ ಜಿಲ್ಲೆಯ ನಾಲ್ಕು ಹೆಸರುಗಳಿದ್ದವು. ಒಳ್ಳೆಯ ಬಂದರು ಬರುವ ಹೊತ್ತಿಗೆ ಬ್ಯಾಂಕುಗಳಿಗೆ ನಲವತ್ತರಿಂದ ಎಪ್ಪತ್ತು ವರ್ಷ ವಯಸ್ಸಾಗಿತ್ತು.

ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬರುತ್ತಿದ್ದ. ನೇಕಾರ, ಚಹದಂಗಡಿಯವ, ಮೀನು ಮಾರುವ ಹೆಂಗಸು ಎರಡಾಣೆ ಕೊಡುತ್ತಿದ್ದರು. ಹಣದ ಪೇಟೆಗೆ ಬೇಕಾದ ಪತ್ತನ್ನು ಆಣೆ ಆಣೆಯಾಗಿ ಬೀದಿಯಿಂದ ಎತ್ತುವ ಕೆಲಸ ಅದು. ಸಾಲ ಕೊಡುವ ಜಾಗವೂ ಉಳಿತಾಯ ಮಾಡುವ ಬೀದಿಯೂ ಒಂದೇ ಆಗಿದ್ದದ್ದು ಅಲ್ಲಿನ ವಿಶೇಷ. ಕೋಟೆಯ ಕಲ್ಲಿನ ಕಟ್ಟಡಗಳ ಭವ್ಯತೆ ಅದಕ್ಕೆ ಬರಲಿಲ್ಲ. ನನ್ನ ಕಣ್ಣಿಗೆ ಅದು ಕಡಿಮೆ ಸಾಧನೆಯಲ್ಲ. ಅಲ್ಲಿ ಯಾರೂ ಕಾಗದ ಸುಡಬೇಕಾಗಿ ಬರಲಿಲ್ಲ. ಆ ನಾಲ್ಕರಲ್ಲಿ ಮೂರು ಹೆಸರು 2019 ಮತ್ತು 2020ರ ವಿಲೀನಗಳಲ್ಲಿ ಬೋರ್ಡಿನಿಂದ ಇಳಿದದ್ದು ನನ್ನಂಥ ಎಷ್ಟೋ ಜನರಿಗೆ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಆಗಿತ್ತು.

ಮುಂಬೈಯಲ್ಲೂ ಈಗ ಹಡಗು ಮತ್ತು ಹಣ ಬೇರೆ ಬೇರೆ ದಾರಿ ಹಿಡಿದಿವೆ. 1989ರಿಂದ ಕಂಟೇನರುಗಳು ಕೊಲ್ಲಿಯ ಆಚೆ ದಡದ ನಾವಾ ಶೇವಾಕ್ಕೆ ಹೋಗತೊಡಗಿದವು. 1875ರಲ್ಲಿ ತೆರೆದ ಸಸೂನ್ ಡಾಕ್‌ನಲ್ಲಿ ಬೆಳಗಿನ ಜಾವ ಕೋಲಿ ಸಮುದಾಯದ ಹೆಂಗಸರು ಮೀನು ಹರಾಜು ಹಾಕುತ್ತಾರೆ. ದುಡ್ಡಿನ ಹೊಸ ಠಾಣೆ ಬಾಂದ್ರಾ–ಕುರ್ಲಾದಲ್ಲಿ, ಮೀಠಿ ನದಿಯ ಜೌಗಿನ ಮೇಲೆ. ಅಲ್ಲಿ ಯಾವ ಹಡಗೂ ಬರುವುದಿಲ್ಲ. ಹಡಗು ಹೋದರೆ ಹಣವೂ ಹೋಗಬೇಕಿತ್ತಲ್ಲವೆ, ಅದು ಹಡಗಿನಿಂದಲೇ ಹುಟ್ಟಿದ್ದಾದರೆ?

ಕಾರವಾರಕ್ಕೆ ಹುಬ್ಬಳ್ಳಿಯ ರೈಲು ಬೇಡ ಎಂದು ನಾನು ಹೇಳುತ್ತಿಲ್ಲ. ಘಟ್ಟದ ಕಾಡಿನ ಪ್ರಶ್ನೆ ಬೇರೆಯಿದೆ, ಅದನ್ನು ಅದರ ನೆಲೆಯಲ್ಲೇ ಚರ್ಚಿಸಬೇಕು. ರೈಲು ಕೇಳುವವರು ರೈಲಿನ ಸಲುವಾಗಿಯೇ ಕೇಳಲಿ. ಕೈತಪ್ಪಿದ ಮುಂಬೈಯೊಂದರ ನೆರಳಿನಲ್ಲಿ ನಿಂತು ಕೇಳುವುದು ಬೇಡ ಎಂಬುದಷ್ಟೇ ನನ್ನ ಬಿನ್ನಹ. ಆ ನೆರಳು ನಮ್ಮ ಜನರನ್ನು ನೂರೈವತ್ತು ವರ್ಷದಿಂದ ಕಡಲಿನ ಕಡೆಗೇ ಮುಖ ಮಾಡಿ ಕೂರಿಸಿದೆ.

ಕುಮಟೆಯಿಂದ ಹತ್ತಿಯ ಅಂಡಿಗೆ ಇಳಿಯುವುದು ನಿಂತು ಎಷ್ಟೋ ಕಾಲವಾದ ಮೇಲೂ, ಧಾರವಾಡದ ಹತ್ತಿ ರೈಲೇರಿ ಬೇರೆ ದಿಕ್ಕಿನಿಂದ ಮುಂಬೈ ಸೇರುತ್ತಿದ್ದಾಗಲೂ, ಇಪ್ಪತ್ತನೆಯ ಶತಮಾನದ ಮುಂಬೈ ಪೇಟೆಯಲ್ಲಿ ಆ ಹತ್ತಿಯ ದರವನ್ನು 'ಕುಮ್ಟಾ' ಎಂಬ ಹೆಸರಿನಲ್ಲೇ ಕೂಗುತ್ತಿದ್ದರು. ಧಕ್ಕೆಯಲ್ಲಿ ದೋಣಿ ಇರಲಿಲ್ಲ, ಗೋದಾಮಿನಲ್ಲಿ ಅರಳೆ ಇರಲಿಲ್ಲ. ಊರಿನ ಹೆಸರು ಮಾತ್ರ ಐನೂರು ಕಿಲೋಮೀಟರ್ ಆಚೆ, ಯಾರದೋ ವಾಯದೆಯ ಪುಸ್ತಕದಲ್ಲಿ, ದಿನಾ ಬೆಳಿಗ್ಗೆ ಹೊಸ ದರದೊಂದಿಗೆ ಏಳುತ್ತಿತ್ತು.